ಸಿವಿಲ್ ಓದಿ, ಕೆರೆ ಕೆಲಸ ಮಾಡಿ, ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕೋಲಾರ ಜಿಲ್ಲೆಯವಳು. ವಯಸ್ಸು 27. ಬಿಇ ಸಿವಿಲ್ ಮಾಡಿದ್ದೇನೆ, 78 ಪರ್ಸೆಂಟ್ ಬಂದಿದೆ. ಆಮೇಲೆ ಎರಡು ವರ್ಷ ಕೆರೆ ಹೂಳೆತ್ತಿಸುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿದೆ. ನಂತರ ಬೆಂಗಳೂರಿನಲ್ಲಿ ಅಭಿವೃದ್ಧಿ ಅಧ್ಯಯನದಲ್ಲಿ ಎಂಎ ಮುಗಿಸಿದೆ. ಅಕ್ಕಪಕ್ಕದ ಎರಡು ಊರುಗಳ ಕೆರೆಗೆ ಒಂದೇ ವರ್ಷ, ಒಂದೇ ಯೋಜನೆಯಲ್ಲಿ ಹೂಳೆತ್ತಿದ್ದೆವು. ಒಂದು ಊರಿನವರು ಕೆರೆಯನ್ನು ಇವತ್ತಿಗೂ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ಅಲ್ಲಿ ಕೆರೆ ನೀರು ಹಂಚುವ ನೀರುಗಂಟಿ ಮನೆಯವರು ಈಗಲೂ ತೂಬು ನೋಡಿಕೊಳ್ಳುತ್ತಾರೆ. ಇನ್ನೊಂದು ಕೆರೆ ತುಂಬಾ ಜಾಲಿ ಬೆಳೆದಿದೆ. ಯಾಕೆ ಹೀಗೆ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಇದರ ಮೇಲೆ ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಆಸೆ. ಅಮೆರಿಕಕ್ಕೂ ಇಲ್ಲಿಗೂ ಅರ್ಜಿ ಹಾಕಬೇಕು ಅಂತಿದ್ದೇನೆ. ಆದರೆ ಪರಿಚಯದ ಲೆಕ್ಚರರ್ ಒಬ್ಬರು ‘ರಾಜ್ಯಶಾಸ್ತ್ರದಲ್ಲಿ ಎಂಎ ಇಲ್ಲದೆ ಯಾರೂ ತಗೊಳ್ಳಲ್ಲ’ ಅಂದರು. ಗೆಳೆಯರು ‘ಈಗ ಇಂಟರ್‌ಡಿಸಿಪ್ಲಿನರಿ ಅಂದ್ರೆ ಎಲ್ಲ ಕಡೆ ಡಿಮ್ಯಾಂಡು’ ಅಂತಾರೆ. ಯಾರನ್ನು ನಂಬಲಿ? ಇನ್ನೊಂದು ಎಂಎ ಮಾಡಬೇಕಾ? ನಮ್ಮ ಅಜ್ಜನೂ ನೀರುಗಂಟಿ ಆಗಿದ್ದರು, ನಾವು ಎಸ್‌ಸಿ. ಅದನ್ನು ಎಸ್‌ಒಪಿಯಲ್ಲಿ, ಅಂದರೆ ಯಾಕೆ ಓದಬೇಕು ಅಂತ ಅರ್ಜಿ ಜೊತೆ ಕೊಡುವ ಬರಹದಲ್ಲಿ, ಬರೆದರೆ ಅನುಕಂಪ ಗಿಟ್ಟಿಸಿದ ಹಾಗೆ ಆಗುತ್ತಾ? ಅದರ ಮೊದಲ ಪ್ಯಾರಾ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂಜಿನಿಯರ್‌ಗಳ ಕಣ್ಣಿಗೆ ನೀವು ದಾರಿ ಬಿಟ್ಟವರು, ರಾಜ್ಯಶಾಸ್ತ್ರದವರ ಕಣ್ಣಿಗೆ ಹೊರಗಿನವರು, ಕೊನೆಗೆ ಯಾವ ಮನೆಗೂ ಸಲ್ಲದೆ ಉಳಿದುಬಿಡುತ್ತೀರಾ ಅನ್ನುವುದು ನಿಮ್ಮ ಭಯ. ಈ ಭಯ ನನಗೆ ಗೊತ್ತು. ನಾನು ಬಿಎಸ್ಸಿ ಕೃಷಿ ಓದಿ ಈ ಕಡೆ ಬಂದವಳು. ಮೊದಲ ವರ್ಷ ಅರ್ಜಿ ಹಾಕಿದ ಆರೂ ಕಡೆಯಿಂದ ‘ಇಲ್ಲ’ ಅಂತ ಬಂತು. ಆಮೇಲೆ ಪಿಎಚ್‌ಡಿ ಆಯಿತು, ಪಾಠ ಮಾಡಿದೆ, ಕೆಲವು ವರ್ಷ ಆಯ್ಕೆ ಸಮಿತಿಯಲ್ಲೂ ಕೂತೆ. ಬೇರೆಯವರ ಅರ್ಜಿ ಓದುವ ಕೆಲಸ ಬಂದ ಮೇಲೇ ನನ್ನ ಆ ಆರು ಅರ್ಜಿಗಳಲ್ಲಿ ಏನು ತಪ್ಪಿತ್ತು ಅಂತ ಗೊತ್ತಾಗಿದ್ದು.

ನಿಮ್ಮ ಲೆಕ್ಚರರ್ ಹೇಳಿದ್ದು ಅಮೆರಿಕದ ಮಟ್ಟಿಗೆ ಸರಿಯಲ್ಲ. ಭಾರತದ ಮಟ್ಟಿಗೆ ಅರ್ಧ ಸರಿ, ಆ ಅರ್ಧದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಮೆರಿಕದ ಹೆಚ್ಚಿನ ವಿಭಾಗಗಳು ರಾಜ್ಯಶಾಸ್ತ್ರದ ಡಿಗ್ರಿಯೇ ಇರಬೇಕು ಅಂತ ಕೇಳುವುದಿಲ್ಲ. ಎಂಎ ಕೂಡ ಕಡ್ಡಾಯ ಅಲ್ಲ. ಅಲ್ಲಿ ಪಿಎಚ್‌ಡಿ ಅಂದರೆ ಐದಾರು ವರ್ಷ. ಮೊದಲ ಎರಡು ವರ್ಷ ಪೂರ್ತಿ ಕ್ಲಾಸುಗಳೇ. ಕಂಪ್ಯಾರಟಿವ್ ಪಾಲಿಟಿಕ್ಸ್, ಅಂತರರಾಷ್ಟ್ರೀಯ ಸಂಬಂಧ, ರಾಜಕೀಯ ಚಿಂತನೆ, ಸ್ಟಾಟಿಸ್ಟಿಕ್ಸ್ ಎಲ್ಲವನ್ನೂ ಅವರೇ ಕಲಿಸುತ್ತಾರೆ. ಹಾಗಾಗಿ ಏನು ಓದಿದ್ದೀರಿ ಅನ್ನುವುದಕ್ಕಿಂತ, ಕಲಿಸಿದರೆ ಕಲಿಯುತ್ತೀರಾ ಅನ್ನುವುದನ್ನು ಜಾಸ್ತಿ ನೋಡುತ್ತಾರೆ.

ಒಂದು ಉದಾಹರಣೆ ನಿಮಗೆ ಹತ್ತಿರದ್ದು. ಎಲಿನೋರ್ ಆಸ್ಟ್ರಂ ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಿದಾಗ, ಗಣಿತ ಸಾಲದು ಅಂತ ತಗೊಳ್ಳಲಿಲ್ಲ. ರಾಜ್ಯಶಾಸ್ತ್ರ ವಿಭಾಗ ತಗೊಂಡಿತು. ಅವರ ಪಿಎಚ್‌ಡಿ ಯಾವುದರ ಮೇಲೆ ಗೊತ್ತಾ? ಅಂತರ್ಜಲ. ಎಲ್ಲರೂ ಬಾವಿ ಕೊರೆದು ನೀರೆಳೆದು, ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿದ್ದ ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಜಾಗದಲ್ಲಿ ಜನ ಹೇಗೆ ಒಟ್ಟಾಗಿ ಒಂದು ಕಟ್ಟುಪಾಡಿಗೆ ಬಂದರು ಅನ್ನುವುದು. 1965ರಲ್ಲಿ ಅದು ಮುಗಿಯಿತು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ನಿಮ್ಮ ಕೆರೆಯ ಪ್ರಶ್ನೆ ರಾಜ್ಯಶಾಸ್ತ್ರದ್ದು ಹೌದೋ ಅಲ್ಲವೋ ಅನ್ನುವ ಅನುಮಾನವನ್ನು ಮೊದಲು ಬಿಡಿ.

ನಮ್ಮ ನೆಲದ್ದೇ ಇನ್ನೊಂದು ಮಾತು. ಚುನಾವಣೆ ಬಂದರೆ ಟಿವಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕೇಳುವ ‘ವೋಟ್ ಬ್ಯಾಂಕ್’ ಅನ್ನುವ ಪದವನ್ನು ಬರಹಕ್ಕೆ ತಂದವರು ರಾಜ್ಯಶಾಸ್ತ್ರದವರಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ನೋಡಿ, 1955ರಲ್ಲಿ ಬರೆದದ್ದು. ಈ ವಿಷಯಕ್ಕೆ ಹೊರಗಿನವರು ಬಂದಾಗಲೆಲ್ಲ ಏನಾದರೂ ಹೊಸದು ಸೇರಿದೆ.

ಹಾಗಾದರೆ ಗೆಳೆಯರು ಹೇಳಿದ್ದು ನಿಜವಾ? ಅಲ್ಲ. ಇಂಟರ್‌ಡಿಸಿಪ್ಲಿನರಿ ಅನ್ನುವ ಪದಕ್ಕೆ ಯಾರೂ ಸೀಟು ಕೊಡುವುದಿಲ್ಲ. ನೀವು ಕಳಿಸಿದ ಮೊದಲ ಪ್ಯಾರಾದಲ್ಲಿ ಹೀಗಿದೆ: ‘ಎಂಜಿನಿಯರಿಂಗ್, ಕ್ಷೇತ್ರ ಕಾರ್ಯ ಮತ್ತು ಅಭಿವೃದ್ಧಿ ಅಧ್ಯಯನದ ನನ್ನ ವಿಶಿಷ್ಟ ಬಹುಶಿಸ್ತೀಯ ಹಿನ್ನೆಲೆ ನನಗೆ ಜಲ ಆಡಳಿತದ ಬಗ್ಗೆ ಸಮಗ್ರ ದೃಷ್ಟಿಕೋನ ನೀಡಿದೆ.’ ಬೇಜಾರು ಮಾಡಿಕೊಳ್ಳಬೇಡಿ, ಇಂಥ ವಾಕ್ಯವನ್ನು ನಾನು ಒಂದೊಂದು ವರ್ಷ ಹತ್ತಾರು ಸಲ ಓದಿದ್ದೇನೆ. ನನ್ನ ಮೊದಲ ವರ್ಷದ ಅರ್ಜಿಗಳೂ ಹೀಗೇ ಶುರುವಾಗುತ್ತಿದ್ದವು. ಓದಿದವರಿಗೆ ನೀವು ಏನೇನು ಮಾಡಿದ್ದೀರಿ ಅಂತ ಗೊತ್ತಾಗುತ್ತೆ, ಏನು ಹುಡುಕುತ್ತಿದ್ದೀರಿ ಅಂತ ಗೊತ್ತಾಗಲ್ಲ.

ಸಮಿತಿಯಲ್ಲಿ ಕೂತವರ ತಲೆಯಲ್ಲಿ ಏನು ಓಡುತ್ತೆ ಅಂತ ಹೇಳಿಬಿಡುತ್ತೇನೆ. ಒಬ್ಬ ವಿದ್ಯಾರ್ಥಿಗೆ ವಿಭಾಗ ಐದಾರು ವರ್ಷ ಫೀಸು ಬಿಟ್ಟು, ಮೇಲೆ ಸ್ಟೈಪೆಂಡು ಕೊಡುತ್ತೆ. ಸೀಟು ಕಡಿಮೆ. ಬೇರೆ ವಿಷಯದಿಂದ ಬಂದವರ ಅರ್ಜಿ ಎತ್ತಿಕೊಂಡ ಕೂಡಲೇ ಅನುಮಾನ ಶುರು. ಇವರಿಗೆ ರಾಜ್ಯಶಾಸ್ತ್ರ ಅಂದರೆ ಏನು ಅಂತ ಗೊತ್ತಿದೆಯಾ? ಅಥವಾ ಪಬ್ಲಿಕ್ ಪಾಲಿಸಿ ಓದಬೇಕಾದವರು ದಾರಿ ತಪ್ಪಿ ಇಲ್ಲಿಗೆ ಬಂದರಾ? ನಮ್ಮಲ್ಲಿ ಯಾರು ಇವರಿಗೆ ಗೈಡ್ ಆಗುತ್ತಾರೆ? ಮುಗಿದ ಮೇಲೆ ಕೆಲಸ ಕೊಡುವಾಗ ರಾಜ್ಯಶಾಸ್ತ್ರದವರು ಇವರನ್ನು ನಮ್ಮವರು ಅಂತ ಒಪ್ಪುತ್ತಾರಾ? ಈ ಅನುಮಾನಗಳನ್ನು ನಿಮ್ಮ ಎರಡು ಪುಟದ ಎಸ್‌ಒಪಿ ತೀರಿಸಬೇಕು. ‘ಸಮಗ್ರ ದೃಷ್ಟಿಕೋನ’ ಅವುಗಳಲ್ಲಿ ಒಂದನ್ನೂ ತೀರಿಸಲ್ಲ.

ನೋಡಿ, ಒಳ್ಳೆಯ ಪ್ರಶ್ನೆ ನಿಮ್ಮ ಪತ್ರದಲ್ಲೇ ಇದೆ. ಎಸ್‌ಒಪಿಯಲ್ಲಿ ಇಲ್ಲ, ಪತ್ರದಲ್ಲಿದೆ. ಚೆನ್ನಾಗಿರುವ ಕೆರೆಯ ಊರಿನಲ್ಲಿ ‘ನೀರುಗಂಟಿ ಮನೆಯವರು ಈಗಲೂ ತೂಬು ನೋಡಿಕೊಳ್ಳುತ್ತಾರೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಹೂಳು ಎಷ್ಟು, ಕೋಡಿ ಎಷ್ಟು ಎತ್ತರ, ಕಾಲುವೆ ಎಲ್ಲಿ ಒಡೆದಿದೆ ಅನ್ನುವುದು ಸಿವಿಲ್ ಪ್ರಶ್ನೆ. ಕೆರೆ ಉಳಿಸಿಕೊಂಡರೆ ಯಾರಿಗೆ ಎಷ್ಟು ಲಾಭ ಅನ್ನುವುದು ಅರ್ಥಶಾಸ್ತ್ರದ ಪ್ರಶ್ನೆ. ತೂಬು ಯಾವಾಗ ಎತ್ತಬೇಕು ಅಂತ ಹೇಳುವ ಅಧಿಕಾರ ಯಾರದ್ದು, ಅದನ್ನು ಅವರಿಗೆ ಕೊಟ್ಟವರು ಯಾರು, ಊರಿನ ಮಿಕ್ಕವರು ಯಾಕೆ ಒಪ್ಪುತ್ತಾರೆ, 30 ತಿಂಗಳು ಅಧಿಕಾರದಲ್ಲಿರುವ ಗ್ರಾಮ ಪಂಚಾಯಿತಿ ಅಧ್ಯಕ್ಷರು ಕೆರೆಗೆ ದುಡ್ಡು ಹಾಕದೆ ಸಿಮೆಂಟ್ ರೋಡಿಗೇ ಯಾಕೆ ಹಾಕುತ್ತಾರೆ ಅನ್ನುವುದು ರಾಜ್ಯಶಾಸ್ತ್ರದ ಪ್ರಶ್ನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಕರ್ನಾಟಕದಲ್ಲಿ ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಜಮೀನು, 40 ಹೆಕ್ಟೇರ್‌ವರೆಗಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತವೆ. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಎರಡು ವರ್ಷ ಈ ಕೆಲಸ ಮಾಡಿದ ನಿಮಗೆ ಇದು ಉಸಿರಾಡಿದಷ್ಟು ಸಹಜ, ಅದಕ್ಕೇ ಬರೆದಿಲ್ಲ. ಆದರೆ ಯೋಚನೆ ಮಾಡಿ. 38 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗೂ 42 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗೂ ಮಣ್ಣು, ಮಳೆ, ಜನ ಎಲ್ಲ ಹೆಚ್ಚುಕಡಿಮೆ ಒಂದೇ. ಬೇರೆ ಆಗಿರುವುದು ಯಜಮಾನಿಕೆ. ಒಂದಕ್ಕೆ ಊರಿನವರು ವೋಟು ಹಾಕಿ ಗೆಲ್ಲಿಸಿದವರು ಹೊಣೆ, ಇನ್ನೊಂದಕ್ಕೆ ಎಂಜಿನಿಯರ್ ಹೊಣೆ. ಈ ಗೆರೆಯ ಆಚೆ ಈಚೆ ಇರುವ ಕೆರೆಗಳನ್ನು ಹೋಲಿಸಿದರೆ, ಚುನಾಯಿತರ ಕೈಗೆ ಕೊಟ್ಟರೆ ಕೆರೆ ಉಳಿಯುತ್ತಾ ಅನ್ನುವುದಕ್ಕೆ ಸಾಕ್ಷಿ ಸಿಗಬಹುದು. ಇಂದಿನ ರಾಜ್ಯಶಾಸ್ತ್ರ ಬಹಳ ಮೆಚ್ಚುವ ವಿಧಾನ ಇದು. ಥಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೀಗೇ ಇತ್ತು. ಕರ್ನಾಟಕ, ರಾಜಸ್ಥಾನ, ಬಿಹಾರದ ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಸ್ವಲ್ಪದರಲ್ಲೇ ಸಿಕ್ಕ ಕಡೆಯನ್ನೂ, ಸ್ವಲ್ಪದರಲ್ಲೇ ತಪ್ಪಿದ ಕಡೆಯನ್ನೂ ಹೋಲಿಸಿದರು. ಅನುಕೂಲಗಳ ಹಂಚಿಕೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಪಕ್ಷದ ನಂಟು ಕೆಲಸ ಮಾಡುತ್ತಿತ್ತು ಅನ್ನುವುದು ಅವರಿಗೆ ಕಂಡದ್ದು. ನಿಮ್ಮ ಪ್ರಶ್ನೆಯನ್ನು ಇಂಥ ಚರ್ಚೆಯ ಪಕ್ಕ ತಂದು ನಿಲ್ಲಿಸಿದರೆ ಸಮಿತಿಯ ಅರ್ಧ ಅನುಮಾನ ಹೋಯಿತು.

ಒಂದು ಎಚ್ಚರಿಕೆ. 40 ಹೆಕ್ಟೇರ್ ಅನ್ನುವುದು ದಾಖಲೆಯ ಅಂಕಿ. ನಿಜವಾದ ಅಚ್ಚುಕಟ್ಟು ಎಷ್ಟೋ ಕಡೆ ಬಡಾವಣೆ ಆಗಿದೆ, ನೀಲಗಿರಿ ತೋಪು ಆಗಿದೆ. ಇದನ್ನು ನೀವೇ ಮೊದಲು ಹೇಳಿ. ತನ್ನ ವಿಧಾನದ ಹುಳುಕು ತನಗೆ ಗೊತ್ತು ಅಂತ ತೋರಿಸುವ ವಿದ್ಯಾರ್ಥಿ ಸಿಕ್ಕರೆ ಸಮಿತಿಯವರಿಗೆ ಖುಷಿ.

ಈಗ ಅಜ್ಜನ ವಿಷಯ. ಖಂಡಿತ ಬರೆಯಿರಿ. ಅನುಕಂಪದ ಮಾತು ಇಲ್ಲಿ ಬರುವುದೇ ಇಲ್ಲ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ತಿಳಿದಿದ್ದವರು ಅವರು. ಆ ತಿಳಿವಳಿಕೆ ಅವರದ್ದಾಗಿತ್ತು, ಆದರೆ ನೀರು ಹೋಗುತ್ತಿದ್ದದ್ದು ಬಹುಪಾಲು ಬೇರೆಯವರ ಗದ್ದೆಗೆ, ಅಲ್ವಾ? ತೂಬು ಒಬ್ಬರ ಕೈಲಿ, ಭೂಮಿ ಇನ್ನೊಬ್ಬರ ಕೈಲಿ. ಅಧಿಕಾರದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವ ಪುಸ್ತಕದಲ್ಲೂ ಹುಟ್ಟಲ್ಲ. ಎಸ್‌ಒಪಿಯಲ್ಲಿ ಎರಡು ಮೂರು ಸಾಲು ಸಾಕು, ಪ್ರಶ್ನೆ ಎಲ್ಲಿಂದ ಬಂತು ಅನ್ನುವ ಜಾಗದಲ್ಲಿ. ಕಷ್ಟಪಟ್ಟು ಓದಿದ ಕಥೆಯನ್ನೂ ಹೇಳಬೇಕು ಅನಿಸಿದರೆ, ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಬೇರೆಯೇ ಬರಹ ಕೇಳುತ್ತವೆ. ಅದು ಅಲ್ಲಿಗೆ ಸೇರಲಿ.

ಮೊದಲ ಪ್ಯಾರಾವನ್ನು ಹರಿದು ಹಾಕಿ ಹೀಗೆ ಶುರು ಮಾಡಿ ನೋಡಿ. ಎರಡು ಊರು. ಒಂದೇ ವರ್ಷ, ಒಂದೇ ಯೋಜನೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಜಾಲಿ. ಆಮೇಲೆ: ನಾನು ಎಂಜಿನಿಯರ್ ಆಗಿ ಇದಕ್ಕೆ ಹುಡುಕಿದ ಕಾರಣಗಳು ಇವು, ಅವು ಯಾಕೆ ಸಾಲಲಿಲ್ಲ ಅನ್ನುವುದು ಇದು. ಆಗ ಸಿವಿಲ್ ಡಿಗ್ರಿ, ಕೆರೆ ಕೆಲಸ, ಎಂಎ ಮೂರೂ ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ. ಬಹುಶಿಸ್ತೀಯ ಅನ್ನುವ ಪದ ಬರೆಯುವ ಅಗತ್ಯವೇ ಬೀಳಲ್ಲ.

ಎಸ್‌ಒಪಿ ಜೊತೆಗೆ ಸುಮಾರು 20 ಪುಟದ ಒಂದು ಬರಹದ ಮಾದರಿ ಕೇಳುತ್ತಾರೆ. ಬೇರೆ ವಿಷಯದಿಂದ ಬಂದವರಿಗೆ ಇದೇ ದೊಡ್ಡ ಪರೀಕ್ಷೆ. ಸಂಸ್ಥೆಗೆ ಬರೆದ ಪ್ರಾಜೆಕ್ಟ್ ರಿಪೋರ್ಟ್ ಕಳಿಸಬೇಡಿ. ಅದರಲ್ಲಿ ಶಿಫಾರಸು ಇರುತ್ತೆ, ವಾದ ಇರಲ್ಲ. ಎಂಎ ಪ್ರಬಂಧವನ್ನು ತಿದ್ದಿ ಈ ಎರಡು ಕೆರೆಗಳ ಹೋಲಿಕೆಯಾಗಿ ಮಾಡಿ. ಗಣಿತದ ಬಗ್ಗೆ ನಿಮಗೆ ಚಿಂತೆ ಬೇಡ. ಅಲ್ಲಿ ಸ್ಟಾಟಿಸ್ಟಿಕ್ಸ್, ಗೇಮ್ ಥಿಯರಿ ಜಾಸ್ತಿ ಇರುತ್ತೆ, ಎಷ್ಟೋ ಕಡೆ ಕ್ಲಾಸ್ ಶುರುವಾಗುವ ಮೊದಲು ಗಣಿತದ ಕ್ಯಾಂಪೇ ನಡೆಸುತ್ತಾರೆ. ಬಿಎ, ಎಂಎ ರಾಜ್ಯಶಾಸ್ತ್ರ ಓದಿದವರು ಎಡವುವ ಜಾಗ ಅದು. ಆರ್ ಅನ್ನುವ ಸಾಫ್ಟ್‌ವೇರ್ ಕಲಿತು, ನಿಮ್ಮದೇ ಕೆರೆಗಳ ಮಾಹಿತಿಯ ಒಂದು ಸಣ್ಣ ವಿಶ್ಲೇಷಣೆ ಆ ಬರಹದೊಳಗೆ ಹಾಕಿ. ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ ಕೆಲವು ಕಡೆ ಬೇಕು, ಕೆಲವು ಕಡೆ ಬೇಡ. ಪ್ರತಿ ವಿಭಾಗದ ಈ ವರ್ಷದ ಸೂಚನೆ ನೋಡಿಯೇ ತೀರ್ಮಾನ ಮಾಡಿ.

ಎಲ್ಲಿಗೆ ಹಾಕಬೇಕು ಅನ್ನುವುದಕ್ಕೆ ರ‍್ಯಾಂಕಿಂಗ್ ಪಟ್ಟಿ ಹಿಡಿದುಕೊಂಡು ಕೂರಬೇಡಿ. ಬರ್ಕ್ಲಿ, ಬ್ರೌನ್‌ನಲ್ಲಿ ಭಾರತದ ರಾಜಕೀಯ ಓದುವ ಪರಂಪರೆ ಇದೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಆಸ್ಟ್ರಂ ದಂಪತಿ 1973ರಲ್ಲಿ ಕಟ್ಟಿದ ಕೇಂದ್ರ ಇದೆ, ನೀರು, ಕಾಡು, ಗೋಮಾಳದಂಥ ಎಲ್ಲರ ಆಸ್ತಿಯ ಬಗ್ಗೆಯೇ ಅದರ ಕೆಲಸ. ಪ್ರತಿ ಕಡೆ ಕಡೇಪಕ್ಷ ಇಬ್ಬರಾದರೂ ನಿಮ್ಮ ಪ್ರಶ್ನೆಗೆ ಹತ್ತಿರದವರು ಇರಬೇಕು. ಒಬ್ಬರೇ ಇದ್ದು ಅವರು ಬೇರೆ ಕಡೆ ಹೋದರೆ ನೀವು ಅನಾಥರಾಗುತ್ತೀರಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಮೆರಿಕದ ರಿಸ್ಕ್ ಕೂಡ ಹೇಳಬೇಕು. ಅಮೆರಿಕ ಸರ್ಕಾರದ ಸಂಶೋಧನಾ ಹಣ ಕಡಿತ ಆದ ಮೇಲೆ 2025ರಲ್ಲಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಇಳಿಸಿದವು. ಎಲ್ಲ ಸರಿಯಿದ್ದೂ ಸಿಗದೆ ಹೋಗಬಹುದು, ಅದರಲ್ಲಿ ನಿಮ್ಮ ತಪ್ಪು ಇರಲ್ಲ. ಅರ್ಜಿಯ ಫೀಸೇ ಎಷ್ಟೋ ಕಡೆ 100 ಡಾಲರ್ ಆಸುಪಾಸು. ಫೀಸು ಮನ್ನಾ ಇದೆಯಾ ಅಂತ ನಾಚಿಕೆ ಇಲ್ಲದೆ ಕೇಳಿ. ಫೀಸು ಬಿಡದ, ಸ್ಟೈಪೆಂಡು ಕೊಡದ ಸೀಟು ಸಿಕ್ಕರೆ ಹೋಗಬೇಡಿ. ಪಿಎಚ್‌ಡಿಗೆ ಸಾಲ ಮಾಡಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಬ್ರಿಟನ್ ದಾರಿ ಬೇರೆ. ಮೂರು ನಾಲ್ಕು ವರ್ಷ, ಸೇರುವಾಗಲೇ ಪೂರ್ತಿ ಸಂಶೋಧನಾ ಪ್ರಸ್ತಾವನೆ ಬೇಕು, ಗೈಡ್ ಒಪ್ಪಬೇಕು. ಸೀಟು ಸಿಕ್ಕರೂ ದುಡ್ಡು ಬೇರೆ ಹುಡುಕಬೇಕು. ನಿಮಗೆ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೆನಪಿಗೆ ಬಂದಿರಬಹುದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ ಇರಬೇಕು. ಆದರೆ ಒಂದು ಮುಳ್ಳಿದೆ. ಭಾರತದ ಸಂಸ್ಕೃತಿ, ಚರಿತ್ರೆ, ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ನೆರವು ಇಲ್ಲ ಅಂತ 2022ರಲ್ಲಿ ನಿಯಮ ಸೇರಿಸಿದರು. ಕೋಲಾರದ ಕೆರೆ ಓದಲು ಹೊರಟ ದಲಿತ ಹುಡುಗಿಗೆ ನೇರವಾಗಿ ಹೊಡೆಯುವ ನಿಯಮ ಇದು, ನನಗೆ ಇದರ ಬಗ್ಗೆ ಸಿಟ್ಟಿದೆ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಅಕ್ಷರ ಬಿಡದೆ ಓದಿ. ಈ ದುಡ್ಡನ್ನೇ ನಂಬಿಕೊಂಡು ಯೋಜನೆ ಹಾಕಬೇಡಿ.

ಈಗ ಭಾರತ. ಲೆಕ್ಚರರ್ ಹೇಳಿದ ಅರ್ಧ ಸತ್ಯ ಇಲ್ಲಿದೆ. ಇಲ್ಲಿ ನಿಮ್ಮ ಪ್ರಶ್ನೆ ಎಷ್ಟು ಚೆನ್ನಾಗಿದೆ ಅಂತ ನೋಡುವ ಮೊದಲು ಅರ್ಹತೆಯ ಕಲಮಿನಲ್ಲಿ ಟಿಕ್ ಬೀಳಬೇಕು. ಯುಜಿಸಿಯ 2022ರ ನಿಯಮದಲ್ಲಿ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕು, ಎಸ್‌ಸಿ, ಎಸ್‌ಟಿ ಮತ್ತಿತರ ವರ್ಗದವರಿಗೆ 5 ಪರ್ಸೆಂಟ್ ರಿಯಾಯಿತಿ. 2024ರಿಂದ ಪ್ರವೇಶಕ್ಕೆ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ, ಅಂಕಗಳನ್ನೂ ಬಳಸುತ್ತಾರೆ. ತೊಡಕು ನೆಟ್‌ನಲ್ಲಿ. ಎಂಎ ಮಾಡಿದ ವಿಷಯದಲ್ಲೇ ಬರೆಯಿರಿ ಅಂತ ಸೂಚನೆ ಇದೆ. ಅಭಿವೃದ್ಧಿ ಅಧ್ಯಯನ ಇರುವುದು ಅರ್ಥಶಾಸ್ತ್ರದ ಕೋಡ್ 01ರೊಳಗೆ. ರಾಜ್ಯಶಾಸ್ತ್ರ ಕೋಡ್ 02.

ಆದರೆ ನಿಮಗೆ ಹಿಂಬಾಗಿಲಲ್ಲದ, ನೇರವಾದ ಇನ್ನೊಂದು ಬಾಗಿಲಿದೆ. ಎಷ್ಟೋ ಎಂಜಿನಿಯರ್‌ಗಳಿಗೆ ಇದು ಗೊತ್ತಿಲ್ಲ. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ದವರು, ತಾವು ಯಾವ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕು ಅಂತಿದ್ದಾರೋ ಆ ವಿಷಯದಲ್ಲೇ ನೆಟ್ ಬರೆಯಬಹುದು, ಡಿಗ್ರಿ ಯಾವುದಾದರೂ ಸರಿ. ನಿಮ್ಮ ಬಿಇಯ 78 ಪರ್ಸೆಂಟ್ ಇಲ್ಲಿ ಕೆಲಸಕ್ಕೆ ಬರುತ್ತೆ. ಹೀಗೆ ಬರೆದರೆ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್‌ಗೆ ಮತ್ತು ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಸಿಗುತ್ತೆ, ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸಿಗಲ್ಲ. ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ. ಆದರೂ ಕೆಲವು ವಿಶ್ವವಿದ್ಯಾಲಯಗಳು ‘ಸಂಬಂಧಪಟ್ಟ ವಿಷಯದಲ್ಲಿ ಎಂಎ’ ಅಂತ ತಮ್ಮದೇ ಷರತ್ತು ಇಡುತ್ತವೆ. ಜೆಎನ್‌ಯು ಇರಲಿ, ಹೈದರಾಬಾದ್ ಇರಲಿ, ಅಧಿಸೂಚನೆ ಓದಿ, ಅನುಮಾನ ಇದ್ದರೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಬೆಂಗಳೂರಿನಲ್ಲೇ ನಾಗರಭಾವಿಯ ಐಸೆಕ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ರಾಜಕೀಯ ಸಂಸ್ಥೆಗಳು ಮತ್ತು ಆಡಳಿತದ ಬಗ್ಗೆ ಒಂದು ಕೇಂದ್ರ ಇದೆ. ನಿಮ್ಮ ಕೆರೆಗಳಿಗೂ ಹತ್ತಿರ.

ಪಿಎಚ್‌ಡಿ ಸಿಕ್ಕ ಮೇಲೂ ಒಂದು ಗೇಟಿದೆ, ಅದನ್ನು ಯಾರೂ ಮೊದಲೇ ಹೇಳಲ್ಲ. ಕಾಲೇಜು ಕೆಲಸ. ಯುಜಿಸಿಯ 2018ರ ನಿಯಮ ಸಂಬಂಧಪಟ್ಟ ಅಥವಾ ಅದಕ್ಕೆ ಹೊಂದುವ ವಿಷಯದಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತೆ. ಯಾವುದು ಹೊಂದುತ್ತೆ ಅಂತ ತೀರ್ಮಾನಿಸುವುದು ಅರ್ಜಿ ಪರಿಶೀಲಿಸುವವರು. ರಾಜ್ಯಶಾಸ್ತ್ರದಲ್ಲೇ ಪಿಎಚ್‌ಡಿ ಮಾಡಿ, ಎಂಎ ಬೇರೆ ವಿಷಯದ್ದು ಅನ್ನುವ ಒಂದೇ ಕಾರಣಕ್ಕೆ ಪರಿಶೀಲನೆಯಲ್ಲೇ ಬಿದ್ದವರು ನನ್ನ ಹತ್ತಿರ ಬಂದು ಅತ್ತಿದ್ದಾರೆ. ಹಾಗಾಗಿ ಇಲ್ಲೇ ಪಾಠ ಮಾಡುವ ಆಸೆ ಇದ್ದರೆ, ಹೌದು, ಇನ್ನೊಂದು ಎಂಎ ಮಾಡಿಕೊಳ್ಳಿ. ಎರಡು ವರ್ಷ ಎಲ್ಲ ಬಿಟ್ಟು ಕೂರಬೇಕಾಗಿಲ್ಲ. ಇಗ್ನೋದ ದೂರಶಿಕ್ಷಣದ ಎಂಎ ರಾಜ್ಯಶಾಸ್ತ್ರಕ್ಕೆ ಯಾವ ಡಿಗ್ರಿ ಆದವರೂ ಸೇರಬಹುದು. ಕೆಲಸ ಮಾಡುತ್ತಾ ಮುಗಿಸಬಹುದು, ನೆಟ್ ಓದಿಗೂ ಅದೇ ಆಗುತ್ತೆ. ಅಮೆರಿಕದ ಅರ್ಜಿಗೆ ಮಾತ್ರ ಇದರಿಂದ ಅಂಥ ಉಪಯೋಗ ಇಲ್ಲ, ಅದಕ್ಕೋಸ್ಕರ ಒಂದು ವರ್ಷ ತಡ ಮಾಡಬೇಡಿ.

ಕೊನೆಗೆ ಶಿಫಾರಸು ಪತ್ರ. ಮೂರು ಬೇಕಾಗುತ್ತೆ. ಸಂಸ್ಥೆಯ ಮುಖ್ಯಸ್ಥರು ಒಳ್ಳೆಯ ಹೆಸರು ಇರುವವರೇ ಆಗಿರಬಹುದು, ಅವರಿಂದ ಒಂದು ಸಾಕು. ಉಳಿದ ಎರಡು, ನಿಮ್ಮ ಬರಹ ಓದಿ ತಿದ್ದಿದ ಎಂಎ ಮೇಷ್ಟ್ರುಗಳಿಂದ ಬರಲಿ. ಅವರಲ್ಲಿ ಒಬ್ಬರಾದರೂ ರಾಜ್ಯಶಾಸ್ತ್ರದವರಾದರೆ ಬಹಳ ಒಳ್ಳೆಯದು. ಅಮೆರಿಕದ ಗಡುವು ಡಿಸೆಂಬರ್ ಮೊದಲ ವಾರದಿಂದ ಜನವರಿ ಮಧ್ಯದವರೆಗೆ ಇರುತ್ತೆ. ಅಕ್ಟೋಬರ್ ಹೊತ್ತಿಗೆ ಅವರನ್ನು ಕೇಳಿ. ಕೇಳುವಾಗ ಸುಮ್ನೆ ‘ಒಂದು ಪತ್ರ ಕೊಡಿ’ ಅನ್ನಬೇಡಿ. ಎರಡು ಊರಿನಿಂದ ಶುರುವಾಗುವ ಹೊಸ ಎಸ್‌ಒಪಿ, ಅವರ ಕ್ಲಾಸಿನಲ್ಲಿ ಬರೆದ ಒಂದು ಪ್ರಬಂಧ, ಎಲ್ಲೆಲ್ಲಿ ಯಾವತ್ತು ಕೊನೆ ದಿನ ಅನ್ನುವ ಚೀಟಿ, ಮೂರನ್ನೂ ಜೊತೆಗೆ ಕಳಿಸಿ. ಆ ಹೊಸ ಪ್ಯಾರಾ ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.